ಹಸುಗಳ ರಕ್ತದ ಕ್ಯಾನ್ಸರ್: ಡೇರಿಯ ಹಾಲಿನಲ್ಲೇ ಸುಳಿವು ಹಿಡಿಯಬಹುದು

ಮಾನ್ಯ ಸಂಪಾದಕರೇ,

ಬೆಂಗಳೂರಿನ ಆಸ್ಪತ್ರೆಯೊಂದರ ರಕ್ತನಿಧಿಯಲ್ಲಿ 29 ವರ್ಷ ಪ್ರಯೋಗಾಲಯ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾಗಿದ್ದೇನೆ. ಈಗ ರಾಜಾನುಕುಂಟೆಯಿಂದ ಸ್ವಲ್ಪ ಒಳಗೆ, ನಮ್ಮ ಅತ್ತೆಯವರ ಕಾಲದ ಮನೆಯಲ್ಲಿ ವಾಸ. ಕೊಟ್ಟಿಗೆಯಲ್ಲಿ ನಾಲ್ಕು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳು, ಒಂದು ಕಡಸು. ಕಳೆದ ಕಾರ್ತಿಕದವರೆಗೆ ಹಸುಗಳು ಐದಿದ್ದವು. ಐದನೆಯವಳು ತುಂಗೆ. ಆರು ವರ್ಷದವಳು, ಮೂರನೆಯ ಸೂಲು. ಅವಳು ಸತ್ತದ್ದು ದುಗ್ಧರಸ ಗ್ರಂಥಿಗಳ, ಅಂದರೆ ಲಿಂಫ್ ಗ್ರಂಥಿಗಳ, ಕ್ಯಾನ್ಸರ್‌ನಿಂದ. ಸಾವಿಗಿಂತಲೂ ನನ್ನ ನಿದ್ದೆ ಕೆಡಿಸಿರುವ ವಿಚಾರ ಬೇರೆ ಇದೆ. ಆ ಕಾಯಿಲೆಯ ಮೂಲವಾದ ವೈರಾಣುವಿನ ಸುಳಿವು ಅವಳ ರಕ್ತದಲ್ಲಿ, ಹಾಲಿನಲ್ಲಿ ಬಹಳ ಮೊದಲಿನಿಂದಲೂ ಇದ್ದಿರಬೇಕು. ದಿನಕ್ಕೆರಡು ಹೊತ್ತು ಆ ಹಾಲನ್ನು ಡೇರಿಗೆ ಒಯ್ದು, ಪರೀಕ್ಷೆ ಮಾಡಿಸಿಯೇ ಹಾಕಿ ಬರುತ್ತಿದ್ದೆವು. ಕೊಬ್ಬಿನ ಅಂಶ ನೋಡುತ್ತಿದ್ದರು, ನೀರು ಬೆರೆಸಿದ್ದೇವೆಯೇ ಎಂದು ನೋಡುತ್ತಿದ್ದರು. ಈ ಒಂದನ್ನು ಯಾರೂ ನೋಡಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಮೈ ತಿಕ್ಕುವಾಗ ಬಲಭುಜದ ಮುಂದೆ ಗಂಟೊಂದು ಕೈಗೆ ಸಿಕ್ಕಿತು. ಕೋಳಿಮೊಟ್ಟೆಯಷ್ಟಿತ್ತು, ಒತ್ತಿದರೆ ಚರ್ಮದಡಿ ಜಾರುತ್ತಿತ್ತು, ಅವಳಿಗೆ ನೋವಾದಂತೆ ಕಾಣಲಿಲ್ಲ. ವೈದ್ಯರು ಬಂದು ನೋಡಿ, ಉಣ್ಣೆ ಕಚ್ಚಿ ಬರುವ ಥೈಲೇರಿಯಾ ಇರಬಹುದು ಎಂದರು. ಮಿಶ್ರತಳಿ ಹಸುವಿನ ಭುಜದ ಗ್ರಂಥಿ ಊದಿದರೆ ನಮ್ಮ ಕಡೆ ಯಾರಿಗಾದರೂ ಮೊದಲು ನೆನಪಾಗುವುದು ಅದೇ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ. ಬುಪರ್ವಕ್ವೋನ್ ಚುಚ್ಚುಮದ್ದು ಕೊಡಿಸಿದೆವು. ಥೈಲೇರಿಯಾ ಆಗಿದ್ದರೆ ಮೈ ಸುಡುವ ಜ್ವರ ಇರಬೇಕಿತ್ತು, ತುಂಗೆಗೆ ಜ್ವರವೇ ಇರಲಿಲ್ಲ. ಅದನ್ನು ಗಮನಿಸಿಯೂ ನಾನು ಸುಮ್ಮನಾದೆ ಎಂಬ ಕೊರಗು ಇನ್ನೂ ಇದೆ. ಶ್ರಾವಣ ಕಳೆಯುವಷ್ಟರಲ್ಲಿ ಗಂಟು ತೆಂಗಿನ ಚಿಪ್ಪಿನಷ್ಟಾಯಿತು, ಎಡಭುಜದಲ್ಲೂ, ತೊಡೆಯ ಮುಂದೆಯೂ ಗಂಟುಗಳು ಎದ್ದವು. ಹೊತ್ತಿಗೆ ಏಳು ಲೀಟರ್ ಕೊಡುತ್ತಿದ್ದವಳು ಮೂರಕ್ಕೆ ಇಳಿದಳು. ಹಿಂಡಿ, ಬೂಸಾ ಮುಂದಿಟ್ಟರೆ ಮೂಸಿ ಮುಖ ತಿರುಗಿಸುತ್ತಿದ್ದಳು. ಗಣೇಶನ ಹಬ್ಬದ ಮಾರನೆಯ ದಿನ ನೋಡುತ್ತೇನೆ, ಎಡಗಣ್ಣಿನ ಗುಡ್ಡೆ ಗೂಡಿನಿಂದ ಹೊರಗೆ ತಳ್ಳಿಕೊಂಡು ಬಂದಿದೆ. ರೆಪ್ಪೆ ಮುಚ್ಚಲು ಆಗುತ್ತಿರಲಿಲ್ಲ. ನೊಣ ಕೂರದಂತೆ ಅತ್ತೆಯವರ ಹಳೆಯ ಸೀರೆ ಹರಿದು, ನೆನೆಸಿ, ಕಣ್ಣಿನ ಮೇಲೆ ಕಟ್ಟುತ್ತಿದ್ದೆ.

ಆಗ ಗ್ರಂಥಿಗೆ ಸಣ್ಣ ಸೂಜಿ ಚುಚ್ಚಿ ದ್ರವ ತೆಗೆದು ಗಾಜಿನ ಮೇಲೆ ಹರಡಿ ನೋಡಲಾಯಿತು. ಸೂಕ್ಷ್ಮದರ್ಶಕದಲ್ಲಿ ನಾನೂ ನೋಡಿದೆ. ಜೀವಮಾನವೆಲ್ಲ ರಕ್ತಕಣ ನೋಡಿದ ಕಣ್ಣಿಗೆ ವಿವರಣೆ ಬೇಕಿರಲಿಲ್ಲ. ಒಂದೇ ಬಗೆಯ ದೊಡ್ಡ ದೊಡ್ಡ ಲಿಂಫೋಸೈಟ್‌ಗಳು, ಅಂದರೆ ಬಿಳಿ ರಕ್ತಕಣಗಳು, ಸಂತೆಯ ಜನದಂತೆ ಒತ್ತಿಕೊಂಡು ನಿಂತಿದ್ದವು.

ಈ ಕಾಯಿಲೆಗೆ ಎನ್‌ಜೂಟಿಕ್ ಬೋವೈನ್ ಲ್ಯೂಕೋಸಿಸ್ ಎಂದು ಹೆಸರು. 1871ರಷ್ಟು ಹಿಂದೆಯೇ ಜರ್ಮನಿಯಲ್ಲಿ ಇದರ ವರ್ಣನೆ ದಾಖಲಾಗಿದೆ. ಕಾರಣವಾದ ಬೋವೈನ್ ಲ್ಯುಕೇಮಿಯಾ ವೈರಸ್ ಅನ್ನು, ಅಂದರೆ ಬಿಎಲ್‌ವಿಯನ್ನು, 1969ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಜಾನಿಸ್ ಮಿಲ್ಲರ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಮನುಷ್ಯರಲ್ಲಿ ಒಂದು ಬಗೆಯ ರಕ್ತದ ಕ್ಯಾನ್ಸರ್ ತರುವ ಎಚ್‌ಟಿಎಲ್‌ವಿ ವೈರಾಣುವಿಗೆ ಇದು ಹತ್ತಿರದ ಬಂಧು. ಹಸುವಿನ ಬಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣದೊಳಗೆ ಹೊಕ್ಕು, ಆ ಕಣದ ವಂಶವಾಹಿಯಲ್ಲೇ ಸೇರಿಕೊಂಡು ಕೂರುತ್ತದೆ. ಒಮ್ಮೆ ಹೊಕ್ಕರೆ ಬದುಕಿರುವವರೆಗೂ ಬಿಡುವುದಿಲ್ಲ. ಔಷಧಿಯೂ ಇಲ್ಲ, ಮಾರುಕಟ್ಟೆಯಲ್ಲಿ ಲಸಿಕೆಯೂ ಇಲ್ಲ.

ಸೋಂಕು ತಗುಲಿದ ಹಸುಗಳೆಲ್ಲ ತುಂಗೆಯ ಹಾಗೆ ಸಾಯುವುದಿಲ್ಲ ಎಂಬುದನ್ನು ಓದುಗರು, ಅದರಲ್ಲೂ ಹಸು ಸಾಕುವವರು, ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೂರರಲ್ಲಿ ಸುಮಾರು 30ಕ್ಕೆ ಬಿಳಿ ರಕ್ತಕಣಗಳ ಸಂಖ್ಯೆ ಏರಿ ಹಾಗೇ ನಿಲ್ಲುತ್ತದೆ. ಗಡ್ಡೆ ಕಟ್ಟುವುದು ಐದಕ್ಕಿಂತ ಹೆಚ್ಚು ಹಸುಗಳಿಗಲ್ಲ, ಅದೂ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವರ್ಷದ ನಡುವೆ. ಉಳಿದವು ಗುಂಡುಕಲ್ಲಿನ ಹಾಗೆ ಓಡಾಡಿಕೊಂಡಿರುತ್ತವೆ. ಕಷ್ಟ ಇರುವುದು ಅಲ್ಲೇ. ನೋಡಲು ಚೆನ್ನಾಗಿರುವ ಹಸುವಿನಿಂದ ಪಕ್ಕದ ಹಸುವಿಗೆ ಸೋಂಕು ಹೋಗುತ್ತಿರುತ್ತದೆ. ಕಣ್ಣು ಉಬ್ಬಿ, ಗಂಟು ಎದ್ದು ಕಾಯಿಲೆ ಗೊತ್ತಾಗುವ ಹೊತ್ತಿಗೆ ಆ ಕೊಟ್ಟಿಗೆಯಲ್ಲಿ ಇನ್ನೆಷ್ಟಕ್ಕೆ ಹರಡಿದೆಯೋ ಹೇಳಲಾಗದು. ಗಂಟು ಏಳುವವರೆಗೆ ಕಾಯದೆ ಸೋಂಕನ್ನು ಹಿಡಿಯುವ ದಾರಿಯನ್ನು ಹಸುವಿನ ದೇಹವೇ ತೋರಿಸಿಕೊಡುತ್ತದೆ. ವೈರಾಣು ಹೊಕ್ಕ ಕೆಲವು ವಾರಗಳಲ್ಲಿ ರೋಗನಿರೋಧಕ ವ್ಯವಸ್ಥೆ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಪ್ರತಿಕಾಯಗಳು ವೈರಾಣುವನ್ನು ಓಡಿಸಲಾರವು. ಆದರೆ ಜೀವನಪರ್ಯಂತ ರಕ್ತದಲ್ಲೂ ಹಾಲಿನಲ್ಲೂ ಇದ್ದು ಸಾಕ್ಷಿ ಹೇಳುತ್ತವೆ.

ಆ ಸಾಕ್ಷಿಯನ್ನು ಕೇಳುವ ಪರೀಕ್ಷೆಯೇ ಎಲೈಸಾ. 29 ವರ್ಷ ನಾನು ಮಾಡಿದ ಕೆಲಸ ಅದು. ಎಚ್‌ಐವಿಗೆ, ಹೆಪಟೈಟಿಸ್‌ಗೆ ಪ್ರತಿ ದಾನಿಯ ರಕ್ತವನ್ನೂ ಹೀಗೆಯೇ ನೋಡಿ, ಆಮೇಲೆಯೇ ರೋಗಿಗೆ ಕೊಡುತ್ತಿದ್ದೆವು. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಪುಟ್ಟ ಗುಳಿಗಳು. ಗುಳಿಯ ತಳದಲ್ಲಿ ವೈರಾಣುವಿನ ಹೊರಕವಚದ ಪ್ರೋಟೀನನ್ನು ಮೊದಲೇ ಅಂಟಿಸಿರುತ್ತಾರೆ. ಬಿಎಲ್‌ವಿಯದಾದರೆ ಅದಕ್ಕೆ ಜಿಪಿ51 ಎಂದು ಹೆಸರು. ಹಸುವಿನ ರಕ್ತದಿಂದ ಬೇರ್ಪಡಿಸಿದ ತಿಳಿದ್ರವವಾದ ಸೀರಮ್ಮನ್ನೋ ಹಾಲನ್ನೋ ಹನಿಸಿದರೆ, ಪ್ರತಿಕಾಯ ಇದ್ದ ಪಕ್ಷದಲ್ಲಿ ಆ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ತೊಳೆದರೂ ಹೋಗುವುದಿಲ್ಲ. ಮೇಲೆ ಕಿಣ್ವ ಕಟ್ಟಿದ ಇನ್ನೊಂದು ಪ್ರತಿಕಾಯ, ಮತ್ತೆ ತೊಳೆಯುವುದು, ಕೊನೆಗೆ ಬಣ್ಣ ಕೊಡುವ ದ್ರವ. ಸೋಂಕಿಲ್ಲದ ಗುಳಿ ತಿಳಿನೀರಿನಂತೆ ಉಳಿಯುತ್ತದೆ, ಸೋಂಕಿರುವುದು ನೀಲಿಯಾಗುತ್ತದೆ. ಆಮ್ಲದ ಹನಿ ಬಿದ್ದೊಡನೆ ಆ ನೀಲಿ ಹಳದಿಗೆ ತಿರುಗುತ್ತದೆ.

ತುಂಗೆಗೆ ಈ ಪರೀಕ್ಷೆ ಮಾಡಿಸಲು ನಾನು ಮೂರು ವಾರ ಅಲೆದೆ. ಒಂದು ಕಡೆ, ಹಸುಗಳ ಗಬ್ಬ ಇಳಿಸುವ ಬ್ರುಸೆಲ್ಲಾ ರೋಗವನ್ನು ಮಾತ್ರ ನೋಡುತ್ತೇವೆ ಎಂದರು. ಇನ್ನೊಂದು ಕಡೆ, ಹೊರದೇಶದ ಕಿಟ್ ತರಿಸಬೇಕು, ಒಂದು ಹಸುವಿಗಾಗಿ ತಟ್ಟೆ ಬಿಚ್ಚುವುದಿಲ್ಲ ಎಂದರು. ಆ ಮಾತು ನನಗೆ ಅರ್ಥವಾಗುತ್ತದೆ, ಒಂದು ಮಾದರಿಗಾಗಿ ತಟ್ಟೆ ಹಾಳುಮಾಡಲು ನಾನೂ ಒಪ್ಪುತ್ತಿರಲಿಲ್ಲ. ಕೊನೆಗೆ ಪರಿಚಯದ ಯುವ ಪಶುವೈದ್ಯೆಯೊಬ್ಬರು ತಮ್ಮ ಅಧ್ಯಯನಕ್ಕೆ ತರಿಸಿದ್ದ ಕಿಟ್‌ನಲ್ಲಿ ಉಳಿದಿದ್ದ ಕೆಲವು ಗುಳಿಗಳನ್ನು ನಮಗೆ ಕೊಟ್ಟರು. ಮನೆಯ ಐದೂ ಹಸುಗಳ, ನಾಲ್ಕು ತಿಂಗಳ ಕರು ಭದ್ರೆಯ ರಕ್ತ ಒಯ್ದೆ. ಅವರ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ. ತುಂಗೆಯ ಗುಳಿ ನೀಲಿಯಾಗಲು ಐದು ನಿಮಿಷವೂ ಹಿಡಿಯಲಿಲ್ಲ. ಪಕ್ಕದ ಗುಳಿ ಕಾವೇರಿಯದು, ಅದೂ ಬಣ್ಣ ಕಟ್ಟತೊಡಗಿತು. ಕಾವೇರಿ ನಮ್ಮ ಕೊಟ್ಟಿಗೆಯಲ್ಲೇ ಹೆಚ್ಚು ಕರೆಯುವ ಹಸು, ಮೈಮೇಲೆ ಒಂದು ಕೂದಲು ಕೊಂಕಿಲ್ಲ. ಭದ್ರೆಯದೂ ನೀಲಿ. ನನ್ನ ಕೆಲಸದ ಅವಧಿಯಲ್ಲಿ ಎಷ್ಟೋ ಗುಳಿಗಳು ಬಣ್ಣ ತಿರುಗಿದ್ದನ್ನು ನೋಡಿದ್ದೇನೆ, ಅವುಗಳ ಹಿಂದಿನ ಮುಖ ನನಗೆ ತಿಳಿದಿರುತ್ತಿರಲಿಲ್ಲ. ಇಲ್ಲಿ ಮೂರೂ ಮುಖಗಳು ತಿಳಿದಿದ್ದವು.

ಭದ್ರೆಯ ಬಗ್ಗೆ ಆ ದಿನವೇ ತೀರ್ಮಾನಕ್ಕೆ ಬರಬಾರದು ಎಂಬುದು ಮಾತ್ರ ಗೊತ್ತಿತ್ತು. ಗಿಣ್ಣು ಹಾಲಿನಲ್ಲಿ ತಾಯಿಯ ಪ್ರತಿಕಾಯಗಳು ಕರುವಿಗೆ ಬರುತ್ತವೆ. ಆರು ತಿಂಗಳು ತುಂಬುವವರೆಗೆ ಕರುವಿನ ರಕ್ತ ಹೇಳುವುದು ತನ್ನ ಕಥೆಯೋ ತಾಯಿಯ ಕಥೆಯೋ ಈ ಪರೀಕ್ಷೆಯಿಂದ ಬಿಡಿಸಲು ಬರುವುದಿಲ್ಲ. ಎಚ್‌ಐವಿ ಇರುವ ತಾಯಂದಿರ ಕೂಸುಗಳ ವಿಷಯದಲ್ಲೂ ಹೀಗೆಯೇ. ಪ್ರತಿಕಾಯ ಕಂಡಿತೆಂದು ಕೂಸಿಗೆ ಸೋಂಕಿದೆ ಎಂದು ಬರೆಯುವಂತಿಲ್ಲ. ಕರು ಹಾಕುವ ಮುಂಚಿನ ಕೆಲವು ವಾರ ಮತ್ತು ಹಾಕಿದ ನಂತರದ ಒಂದೆರಡು ವಾರ ಇದಕ್ಕೆ ತದ್ವಿರುದ್ಧ. ತಾಯಿಯ ಪ್ರತಿಕಾಯಗಳು ರಕ್ತದಿಂದ ಕೆಚ್ಚಲಿಗೆ ಇಳಿದಿರುವುದರಿಂದ, ಸೋಂಕಿದ್ದರೂ ರಕ್ತದ ಪರೀಕ್ಷೆಯಲ್ಲಿ ಇಲ್ಲವೆಂದು ಬರಬಹುದು. ಪರೀಕ್ಷೆ ಮಾಡುವವರು ಹಸು ಯಾವಾಗ ಕರು ಹಾಕಿತು ಎಂದು ಕೇಳಲೇಬೇಕು. ಇನ್ನೊಂದು ಮಾತು. ಪ್ರತಿಕಾಯ ಇದೆ ಎಂದರೆ ಸೋಂಕಿದೆ ಎಂದರ್ಥ, ಕ್ಯಾನ್ಸರ್ ಇದೆ ಎಂದಲ್ಲ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದಕ್ಕೆ ಗ್ರಂಥಿಯ ಜೀವಕೋಶಗಳನ್ನೇ ನೋಡಬೇಕು. ಎಳೆಗರುಗಳಲ್ಲಿ, ಪಡ್ಡೆಗಳಲ್ಲಿ ಅಪರೂಪಕ್ಕೆ ಕಾಣುವ ಕೆಲವು ಬಗೆಯ ದುಗ್ಧರಸ ಗ್ರಂಥಿಯ ಕ್ಯಾನ್ಸರ್‌ಗಳಿಗೆ ಈ ವೈರಾಣುವಿನ ಸಂಬಂಧವೇ ಇಲ್ಲ.

ಸೋಂಕು ನಮ್ಮ ಮನೆಗೆ ಹೇಗೆ ಬಂತು? ಖಚಿತವಾಗಿ ಹೇಳಲು ನನ್ನ ಹತ್ತಿರ ಪುರಾವೆ ಇಲ್ಲ. ಆದರೆ ಈ ವೈರಾಣು ಮುಖ್ಯವಾಗಿ ರಕ್ತದ ಮೂಲಕ ದಾಟುತ್ತದೆ, ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಒಂದು ಹಸುವಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಂದಕ್ಕೆ ಚುಚ್ಚುವುದು, ಕೊಂಬು ತೆಗೆಯುವ ಸಲಕರಣೆ, ಕಿವಿ ತೂತು ಮಾಡುವ ಇಕ್ಕಳ, ಗಬ್ಬ ನೋಡಲು ಹಾಕಿಕೊಂಡ ಉದ್ದ ಕೈಗವಸನ್ನು ಬದಲಿಸದೆ ಮುಂದಿನ ಹಸುವಿಗೂ ಬಳಸುವುದು, ರಕ್ತ ಹೀರುವ ದೊಡ್ಡ ನೊಣಗಳು, ಕೆಲವೊಮ್ಮೆ ತಾಯಿಯ ಹಾಲು, ಇವೇ ದಾರಿಗಳು. ಹಿಂದೊಮ್ಮೆ ಲಸಿಕೆ ಹಾಕಲು ಬಂದವರು ನಮ್ಮ ಬೀದಿಯ ಅಷ್ಟೂ ಹಸುಗಳಿಗೆ ಒಂದೇ ಸೂಜಿ ಚುಚ್ಚಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸೂಜಿ ಬದಲಿಸಿ ಎಂದೆ. ‘ಇದು ದನಕ್ಕೆ ಅಮ್ಮ, ಮನುಷ್ಯರಿಗಲ್ಲ’ ಎಂದರು. ಬಿಸಿಲಲ್ಲಿ ಮನೆ ಮನೆ ತಿರುಗುವ ಆ ಹುಡುಗ ಕೆಟ್ಟವನಲ್ಲ, ಅವನ ಚೀಲದಲ್ಲಿ ಸಾಕಷ್ಟು ಸೂಜಿಗಳೇ ಇರಲಿಲ್ಲ. ಮುಂದೆ ಹಸುವಿನ ಗುರುತಿಗೆಂದು 12 ಅಂಕಿಗಳ ಕಿವಿಯೋಲೆ ಹಾಕುವಾಗಲೂ ಇಕ್ಕಳದ ಮೊನೆಯಲ್ಲಿ ರಕ್ತ ಹಾಗೇ ಇತ್ತು, ಒರೆಸಲೂ ಇಲ್ಲ. ಒಬ್ಬ ದಾನಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರ ಬಳಿಗೆ ಒಯ್ಯುವುದನ್ನು ಕನಸಿನಲ್ಲೂ ಎಣಿಸದ ಕಡೆ ಕೆಲಸ ಮಾಡಿದ ನಾನು, ನನ್ನ ಅಂಗಳದಲ್ಲಿ ಅದನ್ನು ನೋಡಿ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು.

ಕಾಲುಬಾಯಿ ರೋಗದ ಲಸಿಕೆ ಬೇಡ ಎಂದು ದಯವಿಟ್ಟು ಯಾರೂ ಇದನ್ನು ಓದಿಕೊಳ್ಳಬಾರದು. ಲಸಿಕೆ ಹಾಕಿಸಲೇಬೇಕು. ಹಸುವಿಗೊಂದು ಸೂಜಿ ಇರಲಿ ಎಂದಷ್ಟೇ ನನ್ನ ಬೇಡಿಕೆ. ಹೋಟೆಲಿನ ಒಂದು ಲೋಟ ಕಾಫಿಯ ದುಡ್ಡಿಗೆ ನಾಲ್ಕಾರು ಸೂಜಿಗಳು ಬರುತ್ತವೆ.

ಬೆಂಗಳೂರಿನವಳಾಗಿ ನನಗೆ ಇನ್ನೂ ಹೆಚ್ಚಿನ ಸಂಕಟ ಆಗುವುದು ಯಾಕೆಂದರೆ, ಈ ಕೆಲಸಕ್ಕೆ ಬೇಕಾದುದೆಲ್ಲ ನಮ್ಮ ಊರಿನಲ್ಲೇ ಇದೆ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ದನಗಳ ದೊಡ್ಡರೋಗದ (ರಿಂಡರ್‌ಪೆಸ್ಟ್) ವಿರುದ್ಧ ಹೋರಾಡಲು ಮೈಸೂರು ಸಂಸ್ಥಾನದ ಕಾಲದಲ್ಲಿ ಸೀರಮ್ ತಯಾರಿಕೆಗೆಂದು ಹುಟ್ಟಿದ ಸಂಸ್ಥೆ ಇವತ್ತು ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಾಗಿ ಅದೇ ಹೆಬ್ಬಾಳದಲ್ಲಿದೆ. ಆ ದೊಡ್ಡರೋಗವನ್ನು 2011ರಲ್ಲಿ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಸಾರಲಾಯಿತು. ಯಲಹಂಕದಲ್ಲಿ ಜಾನುವಾರು ರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆ ನಿವೇದಿ ಇದೆ. ಬ್ರುಸೆಲ್ಲಾ ರೋಗಕ್ಕೆ, ಐಬಿಆರ್ ಎಂಬ ದನಗಳ ಉಸಿರಾಟದ ರೋಗಕ್ಕೆ ಎಲೈಸಾ ಕಿಟ್‌ಗಳನ್ನು ಅಲ್ಲಿನವರೇ ರೂಪಿಸಿದ್ದಾರೆ. ಅದೇ ಕೈಗಳು ಬಿಎಲ್‌ವಿಗೂ ಅಗ್ಗದ ದೇಶೀ ಕಿಟ್ ಮಾಡಿಕೊಡಬಲ್ಲವು. ಹೆಸರಘಟ್ಟದಲ್ಲಿ 1960ರ ದಶಕದಲ್ಲಿ ಡೆನ್ಮಾರ್ಕ್ ನೆರವಿನಿಂದ ಇಂಡೋ-ಡ್ಯಾನಿಶ್ ಯೋಜನೆ ನಡೆಯಿತು. ತಳಿ ಸುಧಾರಣೆಯನ್ನು ನಾವು ಅವರಿಂದ ಕಲಿತೆವು. ಅದೇ ಡೆನ್ಮಾರ್ಕ್ 1959ರಲ್ಲೇ, ವೈರಾಣು ಯಾವುದೆಂದು ಗೊತ್ತಾಗುವ ಮೊದಲೇ, ಬಿಳಿ ರಕ್ತಕಣ ಎಣಿಸಿ ಎಣಿಸಿ ಈ ಕಾಯಿಲೆಯನ್ನು ಹಿಂಡುಗಳಿಂದ ಹೊರಹಾಕುವ ಕೆಲಸ ಶುರುಮಾಡಿತ್ತು. ಬ್ರಿಟನ್, ಫಿನ್ಲೆಂಡ್, ಜರ್ಮನಿಯೂ ಇದರಿಂದ ಮುಕ್ತವಾದವು. ಸುಮ್ಮನೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಇದೆ. 2007ರ ಸಮೀಕ್ಷೆಯಲ್ಲಿ ಅಲ್ಲಿನ ನೂರಕ್ಕೆ 83ಕ್ಕೂ ಹೆಚ್ಚು ಹೈನು ಹಿಂಡುಗಳ ಹಾಲಿನಲ್ಲಿ ಈ ಪ್ರತಿಕಾಯ ಸಿಕ್ಕಿತು.

ಯುರೋಪಿನವರು ಸೋಂಕಿತ ಹಸುಗಳನ್ನು ಕಡಿದು ಮುಗಿಸಿದರು. ನಮ್ಮಲ್ಲಿ ಆ ದಾರಿ ಇಲ್ಲ, ನನಗೆ ಅದು ಬೇಕಾಗಿಯೂ ಇಲ್ಲ. ಪರೀಕ್ಷಿಸಿ, ಬೇರೆ ಕಟ್ಟಿ, ಸೂಜಿ ಬೇರೆ ಇಟ್ಟು, ಕೊನೆಯಲ್ಲಿ ಹಾಲು ಕರೆದು, ಇದ್ದಷ್ಟು ದಿನ ಸಾಕಿದರೆ ಹೊಸ ಸೋಂಕು ನಿಲ್ಲುತ್ತಾ ಬರುತ್ತದೆ. ನಮ್ಮ ಕಾವೇರಿಯನ್ನು ಹಾಗೆಯೇ ನೋಡಿಕೊಳ್ಳುತ್ತಿದ್ದೇವೆ. ಕೊಟ್ಟಿಗೆಯ ಕೊನೆಯ ಗೂಟ ಅವಳದು, ನಡುವೆ ಸೊಳ್ಳೆಪರದೆಯ ಬಲೆ. ಚೆನ್ನಾಗಿ ಮೇಯುತ್ತಾಳೆ, ಹಾಲು ಕೊಡುತ್ತಾಳೆ.

ಇನ್ನು ಹಾಲಿನ ಮಾತು. ಈ ಪತ್ರ ಓದಿ ನಗರದಲ್ಲಿ ಯಾರೂ ಹಾಲಿನ ಲೋಟ ಕೆಳಗಿಡಬೇಕಾಗಿಲ್ಲ. ಪಾಶ್ಚರೀಕರಣದ ಬಿಸಿಗೆ ಈ ವೈರಾಣು ಸಾಯುತ್ತದೆ, ನಮ್ಮ ಮನೆಗಳಲ್ಲಂತೂ ಉಕ್ಕುವವರೆಗೆ ಕಾಯಿಸದೆ ಹಾಲು ಕುಡಿಯುವ ರೂಢಿಯೇ ಇಲ್ಲ. ಹಸುವಿನ ಈ ವೈರಾಣು ಮನುಷ್ಯರಿಗೆ ಕಾಯಿಲೆ ತರುತ್ತದೆ ಎಂಬುದು ಸಾಬೀತಾಗಿಲ್ಲ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ತುಂಗೆಯ ಫಲಿತಾಂಶ ಬಂದ ಸಂಜೆ ಪಕ್ಕದ ಮನೆಯಾಕೆ ಓಡಿ ಬಂದು, ‘ಅಕ್ಕಾ, ಡೇರಿಯಲ್ಲಿ ಬಾಯಿ ಬಿಡಬೇಡಿ, ಬೀದಿಯವರೆಲ್ಲರ ಹಾಲನ್ನೂ ವಾಪಸು ಕಳಿಸಿಬಿಡುತ್ತಾರೆ’ ಎಂದು ಕೈಹಿಡಿದು ಕೇಳಿಕೊಂಡಳು. ಎರಡು ಹಸು ನಂಬಿ ಮಕ್ಕಳ ಶಾಲೆಯ ಫೀಸು ಕಟ್ಟುವವಳು ಅವಳು. ಅವಳ ಹೆದರಿಕೆಯನ್ನು ತಪ್ಪೆನ್ನಲು ನನ್ನಿಂದಾಗದು. ಮರುದಿನ ದಲ್ಲಾಳಿಯೊಬ್ಬ ಬಂದು, ಇನ್ನೊಂದು ಕಣ್ಣೂ ಉಬ್ಬುವ ಮೊದಲೇ ಕೊಟ್ಟುಬಿಡಿ, ದೂರದ ಸಂತೆಯಲ್ಲಿ ದಾಟಿಸುತ್ತೇನೆ ಎಂದ. ಕಳಿಸಲಿಲ್ಲ. ಕಳಿಸಿದ್ದರೆ ಇನ್ನೊಬ್ಬರ ಕೊಟ್ಟಿಗೆಗೆ ಆ ಸೋಂಕನ್ನು ನಾನೇ ಹಗ್ಗ ಹಿಡಿದು ಒಯ್ದಂತಾಗುತ್ತಿತ್ತು.

ಆದ್ದರಿಂದ ಹಾಲು ಒಕ್ಕೂಟದವರಲ್ಲಿ, ಪಶುಪಾಲನಾ ಇಲಾಖೆಯವರಲ್ಲಿ ಕೇಳಿಕೊಳ್ಳುತ್ತೇನೆ. ಹಳ್ಳಿಯ ಡೇರಿಗೆ ಬಂದು ಸೇರುವ ಹಾಲಿನಿಂದ ವರ್ಷಕ್ಕೆ ಒಂದೆರಡು ಬಾರಿ ಒಂದು ಸಣ್ಣ ಶೀಸೆ ಎತ್ತಿಡಿ. ಹಲವು ಹಸುಗಳ ಹಾಲು ಬೆರೆತಿದ್ದರೂ ಎಲೈಸಾ ಪ್ರತಿಕಾಯವನ್ನು ಹಿಡಿಯಬಲ್ಲದು, ಬೇರೆ ದೇಶಗಳಲ್ಲಿ ಹಿಂಡುಗಳನ್ನು ಜರಡಿ ಹಿಡಿದದ್ದು ಹಾಗೆಯೇ. ಡೇರಿಯ ಹಾಲಿನಲ್ಲಿ ಕಂಡರೆ ಆ ಹಳ್ಳಿಯ ಹಸುಗಳನ್ನು ಒಂದೊಂದಾಗಿ ನೋಡಬಹುದು, ಪ್ರತಿ ಹಸುವಿಗೂ ತಟ್ಟೆ ಬಿಚ್ಚುವ ಖರ್ಚಿಲ್ಲ. ಬ್ರುಸೆಲ್ಲಾಕ್ಕೆಂದು ಮಾದರಿ ತೆಗೆಯುವಾಗ ಅದೇ ಶೀಸೆಯಲ್ಲಿ ಇದನ್ನೂ ನೋಡಬಹುದು. ಫಲಿತಾಂಶವನ್ನು ಹಸುವಿನ ಕಿವಿಯೋಲೆಯ ಸಂಖ್ಯೆಯ ಜೊತೆ ಬರೆದಿಡಿ, ಆದರೆ ಆ ಕಾರಣಕ್ಕೆ ಒಂದು ಲೀಟರ್ ಹಾಲನ್ನೂ ತಿರಸ್ಕರಿಸುವುದಿಲ್ಲ, ಒಂದು ಪೈಸೆಯನ್ನೂ ಕಡಿತ ಮಾಡುವುದಿಲ್ಲ ಎಂದು ಲಿಖಿತವಾಗಿ ಹೇಳಿ. ಆ ಒಂದು ಕಾಗದ ಇಲ್ಲದಿದ್ದರೆ ನನ್ನ ಪಕ್ಕದ ಮನೆಯಾಕೆ ಶೀಸೆ ಕೊಡುವುದಿಲ್ಲ. ಗಡ್ಡೆ ಎದ್ದು ಹಸು ಸತ್ತರೆ ವಿಮೆಯ ಹಣ ತಡವಿಲ್ಲದೆ ಸಿಗಬೇಕು, ಆಗ ದಲ್ಲಾಳಿಗೆ ಕೆಲಸವಿರುವುದಿಲ್ಲ.

ತುಂಗೆ ಸತ್ತ ದಿನ ಮರಣೋತ್ತರ ಪರೀಕ್ಷೆ ಮಾಡಿಸಿದೆ. ಮನೆಯವರಿಗೆ ಇಷ್ಟವಿರಲಿಲ್ಲ, ನಾನೇ ಹಟ ಹಿಡಿದೆ. ಹೃದಯದ ಬಲಗಡೆಯ ಮೇಲಿನ ಕೋಣೆಯ ಗೋಡೆಯಲ್ಲಿ, ಹೊಟ್ಟೆಯ ನಾಲ್ಕನೆಯ ಚೀಲದಲ್ಲಿ, ಕಣ್ಣಿನ ಹಿಂದೆ, ಮಾಘದ ಚಳಿಯಲ್ಲಿ ಹೆಪ್ಪುಗಟ್ಟಿದ ತುಪ್ಪದ ಬಣ್ಣದ ಗಡ್ಡೆಗಳು. ಅವುಗಳ ಚೂರನ್ನು ಫಾರ್ಮಲಿನ್ ಶೀಸೆಯಲ್ಲಿ ಹಾಕಿ ಆ ಯುವ ವೈದ್ಯೆಗೆ ಕೊಟ್ಟಿದ್ದೇನೆ. ಬಿ ಕಣಗಳನ್ನು ಗುರುತು ಹಿಡಿಯುವ ಪ್ರತಿಕಾಯಗಳಿಂದ ಬಣ್ಣ ಹಾಕಿ ನೋಡುತ್ತೇನೆ ಎಂದಿದ್ದಾರೆ.

ಭದ್ರೆಯ ರಕ್ತವನ್ನು ಏಳು ತಿಂಗಳಾದಾಗ ಮತ್ತೆ ಒಯ್ದೆವು. ಬಣ್ಣ ಬರಲಿಲ್ಲ. ಒಂದು ವರ್ಷ ತುಂಬಿದಾಗ ಇನ್ನೊಮ್ಮೆ ನೋಡಬೇಕು ಎಂದಿದ್ದಾರೆ, ಮುಂದಿನ ತಿಂಗಳು ತುಂಬುತ್ತದೆ. ಲಸಿಕೆಯವರು ಬರುವ ದಿನಕ್ಕೆಂದು ನಮ್ಮ ಬೀದಿಯ 23 ಹಸುಗಳಿಗೂ ಲೆಕ್ಕ ಹಾಕಿ ಸೂಜಿಗಳ ಪೆಟ್ಟಿಗೆ ತಂದು ಅಡುಗೆಮನೆಯ ಗೂಡಿನಲ್ಲಿ ಇಟ್ಟಿದ್ದೇನೆ.

ಇಂತಿ,
ನಿವೃತ್ತ ರಕ್ತನಿಧಿ ತಂತ್ರಜ್ಞೆ,
ರಾಜಾನುಕುಂಟೆ, ಬೆಂಗಳೂರು